ವಕೀಲ ಸಾಹೇಬರ ಹಲ್ಲಿನ ಗುರುತು

ಶಹಾಬಾದ ಸ್ಟೇಷನ್ನಿನಲ್ಲಿ ಇಳಿದು ‘ಪೈಪಿನ ಚಂದ್ರಾಮನ ಮನೆ ಯಾವುದು?’ ಎಂದು ಕೇಳಿದರೆ ಆಟೋದವರು ಸೀದಾ ನಮ್ಮ ಬಾಗಿಲಿಗೇ ತಂದು ಬಿಡುತ್ತಾರೆ. ಹೊಸಬರು ಕೆಲವರು ನಲ್ಲಿ ಸೋರುತ್ತದೆಂದು, ಬೋರಿನ ಪೈಪು ಒಡೆದಿದೆಯೆಂದು ಬಂದದ್ದೂ ಉಂಟು. ಅಪ್ಪ ಅವರಿಗೆ ಅದು ನಾನಲ್ಲ ಎಂದು ಹೇಳುವುದಿಲ್ಲ. ಪಾನಾ ಹಿಡಿದುಕೊಂಡು ಅವರ ಹಿಂದೆಯೇ ಹೋಗಿ ನಲ್ಲಿ ಸರಿಮಾಡಿ ಬರುತ್ತಾನೆ. ಇಲ್ಲ ಎನ್ನಲು ಬಾರದ ಮನುಷ್ಯನಿಗೆ ಮಗಳಾಗಿರುವುದು ಎಂಥ ದಣಿವಿನ ಕೆಲಸ ಎಂದು ನನ್ನನ್ನು ಕೇಳಿ.

ಅಪ್ಪನ ಪೈಪು ಬೇರೆ. ಹಳೇ ಕಾಲದ ಸಾಹೇಬರು ಹೊಗೆಸೊಪ್ಪು ತುಂಬಿ, ಬಾಯಿಯ ಒಂದು ಮಗ್ಗುಲಿಗೆ ಇಟ್ಟುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರಲ್ಲ, ಆ ಪೈಪು. ಹೊಗೆಸೊಪ್ಪು ತುಂಬುವ ಭಾಗಕ್ಕೆ ನಮ್ಮ ಮನೆಯಲ್ಲಿ ಬಟ್ಟಲು ಎನ್ನುತ್ತೇವೆ, ಬಾಯಿಗೆ ಇಡುವ ಕರಿ ಕೊಳವೆಗೆ ನಳಿ ಎನ್ನುತ್ತೇವೆ. ಮುರಿದ, ಬಿರಿದ, ಬೂಸ್ಟು ಹಿಡಿದ ಅಂಥ ಪೈಪುಗಳನ್ನು ಹುಡುಕಿ ತಂದು ಸರಿಮಾಡಿ ಇಡುವುದು ಮೂವತ್ತೈದು ವರ್ಷ ಅಪ್ಪನಿಗೆ ಹತ್ತಿದ್ದ ಹುಚ್ಚು. ತಾನು ಮಾತ್ರ ಬೀಡಿಯನ್ನೂ ಸೇದಿದವನಲ್ಲ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗಿನ ಮಾಡಿನಲ್ಲಿ ಐವತ್ತಮೂರು ಪೈಪು. ಪಂಚಶೀಲ ಹೇಳೋ ಮನೆಯಲ್ಲಿ ಇದೇನು ಸಾಮಾನು ಎಂದು ಬಂದವರೆಲ್ಲ ನಗುತ್ತಿದ್ದರು. ಅಪ್ಪನೂ ಅವರ ಜೊತೆ ನಗುತ್ತಿದ್ದ.

ಈ ಹುಚ್ಚು ಶುರುವಾದದ್ದು ಕಾರ್ಖಾನೆಯಲ್ಲಿ. ಅಪ್ಪ ಇಲ್ಲಿಯ ಇಂಜಿನಿಯರಿಂಗ್ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದ. ಲೇಥಿನ ಮುಂದೆ ನಿಂತೇ ಕೂದಲು ಬೆಳ್ಳಗಾದವು. ಒಂದು ದಿನ ಬಂಗಾಲಿ ಇಂಜಿನಿಯರ್ ಒಬ್ಬರ ಪೈಪು ಕೈಜಾರಿ ಫರಸಿ ಕಲ್ಲಿನ ನೆಲಕ್ಕೆ ಬಿದ್ದು ನಳಿ ಎರಡು ತುಂಡಾಯಿತಂತೆ. ಅಪ್ಪ ಮೂಲೆಯಲ್ಲಿ ಬಿದ್ದಿದ್ದ ಎಬೊನೈಟ್ ಎಂಬ ಕರಿ ಗಟ್ಟಿ ರಬ್ಬರಿನ ಸರಳಿನ ಚೂರೊಂದನ್ನು ಲೇಥಿಗೆ ಕಟ್ಟಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹೊಸ ನಳಿ ತಿರುವಿ ಹಾಕಿದ. ಗಾಳಿ ಸಲೀಸಾಗಿ ಬರುತ್ತದೋ ಇಲ್ಲವೋ ಎಂದು ತನ್ನ ಬಾಯಿಯಲ್ಲಿಟ್ಟು ಎರಡು ಸಲ ಎಳೆದು ನೋಡಿ, ಅಂಗಿಗೆ ಒರೆಸಿ ಕೊಟ್ಟ. ಇಂಜಿನಿಯರು ನೋಡುತ್ತಲೇ ನಿಂತಿದ್ದರು. ಇಸಿದುಕೊಂಡು, ಮತ್ತೆ ಒರೆಸದೆ, ಎಲ್ಲರೆದುರಿಗೆ ಹಾಗೇ ಬಾಯಿಗಿಟ್ಟುಕೊಂಡು ‘ಫಸ್ಟ್ ಕ್ಲಾಸ್’ ಎಂದರು.

ಈ ಕಥೆಯನ್ನು ಅಪ್ಪ ನೂರು ಸಲ ಹೇಳಿದ್ದಾನೆ. ಸಣ್ಣವಳಿದ್ದಾಗ ನಾನು ‘ಫಸ್ಟ್ ಕ್ಲಾಸ್’ ಎಂಬುದೇ ಇದರ ಮುಖ್ಯ ಮಾತು ಎಂದುಕೊಂಡಿದ್ದೆ. ಊರ ಹೊರಗಿನ ಓಣಿಯಲ್ಲಿ ಹುಟ್ಟಿದ ನನ್ನಪ್ಪನಿಗೆ ಮುಖ್ಯವಾದದ್ದು ಅದಲ್ಲ, ಆ ಮನುಷ್ಯ ಮತ್ತೆ ಒರೆಸದೆ ಬಾಯಿಗಿಟ್ಟುಕೊಂಡದ್ದು ಎಂಬುದು ನನಗೆ ಹೊಳೆದದ್ದು ನನ್ನ ವಯಸ್ಸು ನಲವತ್ತು ದಾಟಿದ ಮೇಲೆ. ನಾನು ಮೈತ್ರಿ, ವಾಡಿಯ ಅಂಚೆ ಕಚೇರಿಯಲ್ಲಿ ಕೂರುತ್ತೇನೆ. ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಊರ ಮಂದಿಯ ಪಾರ್ಸಲ್ಲಿಗೆಲ್ಲ ಠಸ್ಸೆ ಹೊಡೆಯುವವಳಿಗೆ ಮನೆಯ ಮಾತು ತಡವಾಗಿ ತಿಳಿಯುತ್ತದೆ.

ಪೈಪುಗಳನ್ನು ಹುಡುಕಿಕೊಡುತ್ತಿದ್ದವನು ಗುಜರಿ ಅಂಗಡಿಯ ಬಂದೇನವಾಜ್ ಕಾಕಾ. ಚಿಂಚೋಳಿಯ ಹಳೇ ಬಂಗಲೆಯೊಂದನ್ನು ಕೆಡವಿದಾಗ ಅಲ್ಲಿಂದ ನಾಲ್ಕು ತಂದ. ಚಿತ್ತಾಪುರದ ರಿಟೈರ್ ಆದ ತಹಸೀಲ್ದಾರರೊಬ್ಬರ ಮನೆಯಿಂದ ಒಂದು ಪೆಟ್ಟಿಗೆಯನ್ನೇ ತಂದ. ವಾಡಿ ಜಂಕ್ಷನ್ನಿನ ಗಾರ್ಡುಗಳ ಹಳೇ ಟ್ರಂಕುಗಳಲ್ಲಿಯೂ ಸಿಕ್ಕವು. ಅವು ಬರುವಾಗ ನೋಡಬೇಕಿತ್ತು ನೀವು. ಬಟ್ಟಲಿನೊಳಗೆ ಕಲ್ಲಿನಂಥ ಕಿಟ್ಟ, ನಳಿಯಲ್ಲಿ ಜಿರಳೆಯ ಮೊಟ್ಟೆ, ಮೂಗು ಹಿಡಿಯುವ ಕಮಟು ವಾಸನೆ. ಅಪ್ಪ ಕಿಟ್ಟವನ್ನು ಕೆರೆದು ಕೆರೆದು ತೆಗೆಯುವನು, ಆದರೆ ಪೂರಾ ತೆಗೆಯುವುದಿಲ್ಲ. ಬೆರಳುಗುರಿನಷ್ಟು ದಪ್ಪ ಬಿಡಬೇಕು, ಇಲ್ಲದಿದ್ದರೆ ಬಟ್ಟಲು ಸುಡುತ್ತದೆ ಎನ್ನುತ್ತಿದ್ದ. ಆಮೇಲೆ ಬಟ್ಟಲು ತುಂಬ ಉಪ್ಪು ಹಾಕಿ, ಮೇಲೆ ಸ್ಪಿರಿಟ್ ಹನಿಸಿ ಒಂದು ದಿನ ಬಿಡುವನು. ಮರುದಿನ ಉಪ್ಪು ಚಹಾದ ಬಣ್ಣಕ್ಕೆ ತಿರುಗಿರುತ್ತಿತ್ತು. ಅದನ್ನು ಚೆಲ್ಲಿ, ಒಣಗಿಸಿ, ನಳಿ ಕೂಡಿಸಿ, ಬಾಯಲ್ಲಿಟ್ಟು ಎಳೆಯುವನು. ನಾಲಿಗೆಗೆ ಹುಳಿ ಹತ್ತಿದರೆ ಮತ್ತೆ ಉಪ್ಪು, ಮತ್ತೆ ಸ್ಪಿರಿಟ್. ಕಣ್ಣಿಗೆ ಮೋಸ ಮಾಡಬಹುದು, ನಾಲಿಗೆಗೆ ಆಗುವುದಿಲ್ಲ ಎಂಬುದು ಅವನ ಲೆಕ್ಕ.

ಅವ್ವನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಅವ್ವನ ಹೆಸರು ಅನಸುಬಾಯಿ, ಬಾಯಿ ಹೆಸರಿನಲ್ಲಿ ಮಾತ್ರ ಇರುವುದಲ್ಲ. ಯಾವನೋ ಸತ್ತವನ ಎಂಜಲು ನೆಕ್ಕಾಕತ್ತೀಯಲ್ಲ, ನಿನಗೆ ನಾಚಿಕೆ ಇಲ್ಲವಾ ಎಂದು ಬೆಳಗಾದರೆ ಶುರು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ಈ ಮನುಷ್ಯನದು ಕೈಯೂ ಕೆಸರು, ಬಾಯಿಯೂ ಕೆಸರು ಎಂದು ಓಣಿಯ ಹೆಂಗಸರ ಮುಂದೆ ಹೇಳಿ ನಗಿಸುತ್ತಿದ್ದಳು. ಅಪ್ಪ ಪೈಪು ಬಾಯಲ್ಲಿಟ್ಟುಕೊಂಡೇ ತಲೆಯಾಡಿಸುವನು.

ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ನಮ್ಮ ಓಣಿಯ ಹಿರಿಯರು ಚಿಲುಮೆ ಸೇದಲು ಕೂತರೆ, ತುಂಬಿದವನೇ ಮೊದಲ ದಮ್ಮು ಎಳೆಯಬೇಕಿತ್ತು. ಎಳೆದಾದ ಮೇಲೆ ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಬಲ ಮೊಣಕೈಗೆ ಹಚ್ಚಿ ಪಕ್ಕದವನಿಗೆ ಕೊಡಬೇಕು. ಇದರಲ್ಲಿ ಕೆಟ್ಟದ್ದೇನಿಲ್ಲ, ನಾನು ನೋಡಿದ್ದೇನೆ, ನೀನು ನಿಶ್ಚಿಂತೆಯಿಂದ ಸೇದು ಎಂದು ಅದರ ಅರ್ಥ. ಎಳೆಯದೆ ಕೊಟ್ಟರೆ ಅವಮಾನ. ಅಪ್ಪ ಚಿಲುಮೆ ಸೇದಿದವನಲ್ಲ, ಪದ್ಧತಿ ಮಾತ್ರ ಬಿಡಲಿಲ್ಲ. ರಿಪೇರಿಯಾದ ಪೈಪನ್ನು ಒಯ್ಯಲು ಬಂದವರ ಮುಂದೆ ಒಂದು ಸಲ ಎಳೆದು, ಮೊಣಕೈಗೆ ಕೈ ಹಚ್ಚಿ ಕೊಡುತ್ತಿದ್ದ. ಹೈದರಾಬಾದಿನಿಂದ ಬರುತ್ತಿದ್ದ ಷೋಕಿನ ಮಂದಿಗೆ ಇದು ಭಾಳ ಸೇರುತ್ತಿತ್ತು. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದರು.

ಕಾರ್ಖಾನೆ ಮುಚ್ಚಿತು. ಅಪ್ಪ ಹೊಲಿಗೆ ಮಷೀನಿನ ಮೋಟಾರಿಗೆ ಕಬ್ಬಿಣದ ಚೌಕಟ್ಟು ಕೂಡಿಸಿ ಮನೆಯ ಮೂಲೆಯಲ್ಲಿ ಒಂದು ಸಣ್ಣ ಲೇಥು ಮಾಡಿಕೊಂಡ. ಒಂದು ಕಣ್ಣಿಗೆ ಪೊರೆ ಬಂತು, ತೆಗೆಸಿದೆವು. ಇನ್ನೊಂದಕ್ಕೂ ಬಂತು. ಬಲಗೈ ಸಣ್ಣಗೆ ನಡುಗಲು ಹತ್ತಿತು. ಅರವತ್ತೊಂಬತ್ತು ವರ್ಷದ ಮನುಷ್ಯ ಸೂಜಿಯಷ್ಟು ತೂತಿನ ಕೆಲಸ ಮಾಡುವುದನ್ನು ನೋಡಿ ನೋಡಿ ನನ್ನ ಕಣ್ಣೇ ದಣಿದಿದ್ದವು. ಸಾಕು ಮಾಡಪ್ಪಾ ಎಂದು ಅದೆಷ್ಟು ಸಲ ಅಂದೆನೋ.

ಜಗದೇವಪ್ಪನವರು ಬಂದದ್ದು ಆ ಹೊತ್ತಿನಲ್ಲೇ, ಹೋದ ವರ್ಷದ ಮಳೆಗಾಲ ಮುಗಿಯುತ್ತ ಬಂದಾಗ. ಮುಧೋಳದ ಕಡೆಯ ಗೌಡರ ಮನೆತನ, ಈಗ ಸೇಡಂನಲ್ಲಿ ಇರುವುದು. ಅವರ ತಂದೆ ದೊಡ್ಡ ವಕೀಲರಾಗಿದ್ದರು. ಬಾಯಲ್ಲಿ ಪೈಪು ಇಲ್ಲದ ವಕೀಲ ಸಾಹೇಬರನ್ನು ಕಂಡವರೇ ಇಲ್ಲವೆಂದು ಆ ಕಡೆ ಈಗಲೂ ಹೇಳುತ್ತಾರೆ. ಅವರು ತೀರಿಕೊಂಡು ಇಪ್ಪತ್ತನಾಲ್ಕು ವರ್ಷ. ಅವರ ನೂರನೆಯ ಹುಟ್ಟಿದ ದಿನಕ್ಕೆ ಮನೆಯ ಮುಂಗೋಣೆಯನ್ನು ಒಂದು ಸ್ಮಾರಕ ಮಾಡಿ ಕೋಟು, ಕನ್ನಡಕ, ಕಾನೂನಿನ ಪುಸ್ತಕಗಳನ್ನೆಲ್ಲ ಇಡುವವರಿದ್ದರು. ಪೈಪು ಮಾತ್ರ ಕಪಾಟಿನಲ್ಲಿ ಮುಗ್ಗು ಹಿಡಿದು ಹಾಳಾಗಿತ್ತು. ನಳಿಯ ತುದಿ ಕಚ್ಚಿ ಕಚ್ಚಿ ತೂತು ಬಿದ್ದಿತ್ತು. ಬಂದೇನವಾಜ್ ಕಾಕಾ ಅಪ್ಪನ ಹೆಸರು ಹೇಳಿ ಕಳಿಸಿದ್ದ.

ಒಳ್ಳೆಯ ಮನುಷ್ಯ ಎಂದೇ ನನಗೆ ಅಂದು ಅನಿಸಿತು. ಕುರ್ಚಿಯ ಮೇಲೆ ಕೂತರು, ಪ್ರತಿಯೊಂದು ಪೈಪನ್ನೂ ಕೇಳಿ ತಿಳಿದುಕೊಂಡರು. ಚಹಾ ಬೇಡ, ಸಕ್ಕರೆ ಕಾಯಿಲೆ ಎಂದರು. ನೀರಿನ ಬಾಟಲಿ ಜೊತೆಗೇ ತಂದಿದ್ದರು. ಈಗ ಎಲ್ಲರೂ ತರುತ್ತಾರೆ, ಅದರಲ್ಲಿ ನನಗೇನೂ ಕಾಣಲಿಲ್ಲ. ಹೋಗುವಾಗ ಒಂದು ಮಾತು ಹೇಳಿದರು: ಗಾಜಿನ ಪೆಟ್ಟಿಗೆಯಲ್ಲಿ ಪೈಪಿನ ಪಕ್ಕಕ್ಕೆ ಒಂದು ಚೀಟಿ ಇಡುತ್ತೇವೆ, ಅದರ ಮೇಲೆ ರಿಪೇರಿ ಮಾಡಿದವನೆಂದು ನಿನ್ನ ಹೆಸರೂ ಅಚ್ಚು ಹಾಕಿಸುತ್ತೇವೆ.

ಅಷ್ಟೇ ಸಾಕಾಯಿತು. ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಅಪ್ಪ ತಿರುವಿದ ಸಾಮಾನುಗಳು ದೇಶದ ತುಂಬ ಹೋಗಿವೆ. ಅವುಗಳ ಮೇಲೆ ನಂಬರ್ ಇದೆ, ಹೆಸರಿಲ್ಲ. ಹೈದರಾಬಾದಿನವರು ಒಯ್ದ ಪೈಪುಗಳು ಅವರವರ ಹೆಸರಿನಲ್ಲಿ ಮೆರೆದವು. ಇಷ್ಟು ವರ್ಷದಲ್ಲಿ ಅಚ್ಚಾದ ಅಕ್ಷರದಲ್ಲಿ ಅಪ್ಪನ ಹೆಸರು ಬಂದದ್ದೆಂದರೆ ರೇಷನ್ ಕಾರ್ಡಿನಲ್ಲಿ, ಓಟಿನ ಯಾದಿಯಲ್ಲಿ. ಮರುದಿನ ಸಂಜೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದ, ಹೆಸರಿನ ಮುಂದೆ ಟರ್ನರ್ ಎಂದು ಹಾಕಿಸಿದರೆ ಹೆಚ್ಚಾಗುತ್ತದೇನು ಎಂದು. ಹಾಕಿಸು, ಕೆಲಸ ಮಾಡಿಯೇ ತಿಂದವನಲ್ಲವೇ ಎಂದೆ. ಅವ್ವ ಒಲೆಯ ಮುಂದಿನಿಂದಲೇ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದಳು. ಆದರೆ ಆ ತಿಂಗಳು ಅವಳು ಎಂಜಲಿನ ಮಾತು ಎತ್ತಲಿಲ್ಲ.

ಎರಡು ತಿಂಗಳು ಹಿಡಿಯಿತು. ಬಟ್ಟಲಿಗೆ ಐದು ಸಲ ಉಪ್ಪು ತುಂಬಿದ. ನಳಿಯ ತೂತಿಗೆ ಇದ್ದಲಿ ಪುಡಿಯನ್ನು ಅಂಟಿನಲ್ಲಿ ಕಲಸಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತುಂಬುತ್ತ ಬಂದ. ನಳಿಯ ಎಡ ಮಗ್ಗುಲಿಗೆ ಒಂದು ಕುಳಿ ಇತ್ತು. ವಕೀಲ ಸಾಹೇಬರು ನಲವತ್ತು ವರ್ಷ ಒಂದೇ ಕಡೆ ಹಲ್ಲಿನಲ್ಲಿ ಕಚ್ಚಿ ಹಿಡಿದದ್ದಕ್ಕೆ ಬಿದ್ದ ಗುರುತು. ಬೇರೆಯವರಾಗಿದ್ದರೆ ಅದನ್ನೂ ತುಂಬಿ ಉಜ್ಜಿ ನುಣ್ಣಗೆ ಮಾಡುತ್ತಿದ್ದರು. ಅಪ್ಪ ಸೇಡಂಗೆ ಫೋನ್ ಹಚ್ಚಲು ಹೇಳಿದ. ಸ್ಪೀಕರ್ ಹಾಕಿಕೊಟ್ಟೆ.

“ಗೌಡ್ರ, ನಳೀ ಮ್ಯಾಲ ಅಪ್ಪಾರ ಹಲ್ಲಿಂದು ಗುರುತು ಅದರಿ. ತಗೀಲೇನು, ಬಿಡ್ಲೇನು?”

ಆ ಕಡೆ ಜಗದೇವಪ್ಪನವರು ಅತ್ತುಬಿಟ್ಟರು.

“ಬಿಡು ಚಂದ್ರಾಮ. ಅದೊಂದೇ ಉಳದದ ಅವರದು. ಅದಕ್ಕ ಕೈ ಹಚ್ಚಬ್ಯಾಡ.”

ಫೋನ್ ಇಟ್ಟ ಮೇಲೆ ಅಪ್ಪನ ಕಣ್ಣಲ್ಲೂ ನೀರಿತ್ತು. ಮಗ ಅಂದ್ರೆ ಹೀಗಿರಬೇಕು ಎಂದ. ಆ ಕುಳಿಯ ಸುತ್ತ ಹಳದಿ ಕಿಲುಬು ಹತ್ತಿತ್ತು. ಅದನ್ನು ಮಾತ್ರ ಬಿಡಿಸಲು, ಗುರುತು ಸವೆಯದ ಹಾಗೆ, ಹಲ್ಲುಕಡ್ಡಿಗೆ ಅರಿವೆ ಸುತ್ತಿಕೊಂಡು ಒಂಬತ್ತು ದಿನ ಕೂತ. ತನ್ನ ಅಪ್ಪನ ಒಂದು ಫೋಟೋ ಕೂಡ ಇಲ್ಲದವನು ಇನ್ನೊಬ್ಬರ ಅಪ್ಪನ ಹಲ್ಲಿನ ಗುರುತಿಗೆ ಹೀಗೆ ಕಾವಲು ಕೂತದ್ದು ನೋಡಿ ನನಗೆ ಸಿಟ್ಟು ಬಂತು, ಆದರೂ ದೀಪವನ್ನು ಅವನ ಹತ್ತಿರ ಸರಿಸಿಟ್ಟೆ.

ಒಯ್ಯುವ ದಿನ ನಾನು ಮನೆಯಲ್ಲಿದ್ದೆ, ರವಿವಾರ. ಜಗದೇವಪ್ಪನವರು ಬಂದು ಕೂತರು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಪೈಪನ್ನು ಕೆಂಪು ಅರಿವೆಯಿಂದ ಬಿಚ್ಚಿ ತೋರಿಸಿದ. ಬಟ್ಟಲು ಗೋಡಂಬಿ ಬಣ್ಣಕ್ಕೆ ಬಂದು ಹೊಳೆಯುತ್ತಿತ್ತು. ಜಗದೇವಪ್ಪನವರು ಬೆರಳ ತುದಿಯಿಂದ ಹಲ್ಲಿನ ಕುಳಿಯನ್ನು ಮುಟ್ಟಿ ನೋಡಿದರು, ಕಣ್ಣು ಒರೆಸಿಕೊಂಡರು. ಪೈಪನ್ನು ಅಪ್ಪನ ಕೈಗೆ ಮರಳಿಸಿ, ಗಾಳಿ ಸರಿ ಬರುತ್ತದೋ ಎಂದು ಸುಮ್ಮನೆ ಕೇಳಿದರು. ಕೇಳಬಾರದಿತ್ತು. ಅಪ್ಪನಿಗೆ ಅದೇ ಬೇಕಾಗಿತ್ತು. ನಳಿಯನ್ನು ಬಾಯಲ್ಲಿಟ್ಟು, ಕಣ್ಣು ಮುಚ್ಚಿ, ನಿಧಾನ ಒಂದು ದಮ್ಮು ಎಳೆದ. ಅಂಗಿಗೆ ಒರೆಸಿ, ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಮೊಣಕೈಗೆ ಹಚ್ಚಿ ಮುಂದೆ ಚಾಚಿದ. ಅವನಿಗೆ ಗೊತ್ತಿದ್ದ ದೊಡ್ಡ ಮರ್ಯಾದೆ ಅದು.

ಚಾಚಿದ ಕೈ ಹಾಗೇ ಉಳಿಯಿತು. ಜಗದೇವಪ್ಪನವರು ಪೈಪನ್ನು ನೋಡಿದರು, ಅಪ್ಪನ ತುಟಿಯನ್ನು ನೋಡಿದರು. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು, ಬಟ್ಟಲನ್ನು ಮಾತ್ರ ಹಿಡಿದು, ಅದರಲ್ಲಿ ಸುತ್ತಿಕೊಂಡರು. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ಬರ್ತೀನಿ ಎಂದಷ್ಟೇ ಹೇಳಿ ಎದ್ದು ಹೋದರು. ಅಪ್ಪ ನನ್ನನ್ನು ನೋಡಿ, ಗೌಡರಿಗೆ ಅಪ್ಪನ ನೆನಪಾಗಿ ಮಾತೇ ಹೊರಡಲಿಲ್ಲ ನೋಡು ಎಂದ. ನಾನು ಹ್ಞೂಂ ಎಂದೆ. ಇಪ್ಪತ್ತು ವರ್ಷ ಕೌಂಟರಿನ ಆ ಕಡೆಯಿಂದ ಚಾಚಿದ ಕೈಗಳನ್ನು ನೋಡಿದವಳು ನಾನು, ನನಗೆ ಆಗಲೇ ತಿಳಿದಿತ್ತು.

ಮೂರನೇ ದಿನ ಕರವಸ್ತ್ರದ ಗಂಟನ್ನು ಡ್ರೈವರ್ ತಂದು ಕಟ್ಟೆಯ ಮೇಲಿಟ್ಟು ಹೋದ. ಅದರ ಹಿಂದೆಯೇ ಫೋನು ಬಂತು.

“ಚಂದ್ರಾಮ, ಅವ್ವಾರು ಒಂದು ಮಾತು ಅನ್ನಾಕತ್ತಾರ. ಆ ನಳಿ ತಗದು ಹೊಸಾದು ಹಾಕಿಬಿಡು.”

“ಹಳೇದ್ರಾಗ ಅಪ್ಪಾರ ಹಲ್ಲು ಅದಲ್ರಿ ಗೌಡ್ರ.”

“ಇರ್ಲಿ ಬಿಡು. ಹೊಸಾದು ಮಾಡು. ಮಷೀನ್ ಮ್ಯಾಲೇ ಮುಗಸು. ಆಮ್ಯಾಲ ಮತ್ತ ಏನೂ ಮಾಡಬ್ಯಾಡ.”

ಆ ‘ಏನೂ’ ಎಂದರೇನು ಎಂದು ಅಪ್ಪ ಕೇಳಲಿಲ್ಲ. ಅದೊಂದೇ ಉಳದದ ಎಂದು ಅತ್ತ ಮಗ, ನನ್ನಪ್ಪನ ತುಟಿ ತಾಗಿತೆಂದು ತನ್ನಪ್ಪನ ಹಲ್ಲಿನ ಗುರುತನ್ನೇ ಬಿಡಲು ತಯಾರಾಗಿದ್ದ. ಎಷ್ಟು ಹೇಸಿಕೆಯಾಗಿರಬೇಕು ನೋಡಿ. ಊರ ಹೊಲಸೆಲ್ಲ ನನ್ನಪ್ಪನ ಬಾಯಿಗೆ ಬರಬಹುದು. ಗೊತ್ತಿಲ್ಲದ ಸಾಹೇಬರ, ಗಾರ್ಡುಗಳ, ತಹಸೀಲ್ದಾರರ, ಸತ್ತವರ ಎಂಜಲನ್ನೆಲ್ಲ ಅವನ ನಾಲಿಗೆ ನೋಡಿತು, ಒಂದು ದಿನವೂ ಥೂ ಎನ್ನಲಿಲ್ಲ. ಅವನ ಎಂಜಲು ಮಾತ್ರ ಗಾಜಿನ ಪೆಟ್ಟಿಗೆಯೊಳಗೂ ಇರಬಾರದು.

ಮಾಡಬೇಡ, ಹಾಗೇ ವಾಪಸ್ ಕಳಿಸು ಎಂದು ನಾನು ಕೂಗಾಡಿದೆ. ಒಪ್ಪಿಕೊಂಡ ಕೆಲಸ ಎಂದ. ಯಾರಿಗೆ ಒಪ್ಪಿಕೊಂಡದ್ದು, ಅವರೇನು ನಿನ್ನನ್ನು ಒಪ್ಪಿಕೊಂಡರೇ ಎಂದೆ. ಅವನು ಎಬೊನೈಟ್ ಸರಳು ಹುಡುಕಲು ಎದ್ದ. ಅವ್ವನ ಕಡೆ ನೋಡಿದೆ, ಅವಳಾದರೂ ನಾಲ್ಕು ಬೈಯಲಿ ಎಂದು. ಅವ್ವ ಅಕ್ಕಿ ಆರಿಸುತ್ತ ಕೂತವಳು ತಲೆ ಎತ್ತಲಿಲ್ಲ.

ನಾಲ್ಕು ದಿನದಲ್ಲಿ ಹೊಸ ನಳಿಯಾಯಿತು. ಕಣ್ಣು ಕಾಣದೆ, ಕೈ ನಡುಗುತ್ತ ಮಾಡಿದರೂ ಗೆರೆ ಅತ್ತಿತ್ತ ಆಗಿರಲಿಲ್ಲ. ಬಟ್ಟಲಿಗೆ ಕೂಡಿಸಿ, ದೀಪಕ್ಕೆ ಹಿಡಿದು ನೋಡಿ, ರೂಢಿಯಂತೆ ಬಾಯಿಗೆ ತಂದ. ತುಟಿಗೆ ಎರಡು ಬೆರಳು ಅಂತರದಲ್ಲಿ ಕೈ ನಿಂತಿತು. ಬಾಗಿಲಲ್ಲಿದ್ದ ನನ್ನನ್ನು ಅವನು ನೋಡಲಿಲ್ಲ. ಪೈಪನ್ನು ಮೆಲ್ಲಗೆ ಕೆಳಗಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಆ ಹೊತ್ತಿನಲ್ಲಿ ಅವನಿಗೆ ಎಂಬತ್ತು ವರ್ಷ ಆದಂತೆ ಕಂಡಿತು. ನಾನು ಹಿತ್ತಲಿಗೆ ಹೋಗಿ ಅತ್ತೆ.

ಈ ಸಲ ಜಗದೇವಪ್ಪನವರು ಕೂರಲಿಲ್ಲ, ಬಾಗಿಲ ಹೊರಗೇ ನಿಂತರು. ಅಪ್ಪ ಪೈಪನ್ನು ಹೊಸ ಪ್ಲಾಸ್ಟಿಕ್ಕಿನಲ್ಲಿ ಹಾಕಿಟ್ಟಿದ್ದ. ಮೊಣಕೈಗೆ ಕೈ ಹಚ್ಚದೆ ಕೊಟ್ಟ.

“ಗೌಡ್ರ, ಚೀಟೀ ಮ್ಯಾಲ ನನ್ನ ಹೆಸರು ಹಾಕಬ್ಯಾಡ್ರಿ,” ಎಂದ. “ಇದ್ರಾಗ ಗಾಳಿ ಬರ್ತದೋ ಇಲ್ಲೋ ನನಗ ಗೊತ್ತಿಲ್ಲ. ಗೊತ್ತಿಲ್ಲದ ಕೆಲಸಕ್ಕ ಹೆಸರು ಹ್ಯಾಂಗ ಕೊಡ್ಲಿ?”

ಒಂದು ಸಲವಾದರೂ ಹಾಗ್ಯಾಕೆ ಎನ್ನಬಹುದಿತ್ತು. ಆಯ್ತು, ನಿನ್ನ ಇಷ್ಟ ಎಂದರು, ಅದೇ ಬೇಕಿತ್ತು ಎಂಬ ಹಾಗೆ. ಅಪ್ಪ ಹಳೇ ನಳಿಯನ್ನು ಕಾಗದದಲ್ಲಿ ಸುತ್ತಿಟ್ಟಿದ್ದ, ಅದನ್ನೂ ಮುಂದೆ ಹಿಡಿದ. ಇದರಲ್ಲಿ ಅಪ್ಪಾರ ಗುರುತಿದೆ, ಒಯ್ಯಿರಿ ಎಂದ. ಜಗದೇವಪ್ಪನವರು ಕಾಗದದ ಸುರುಳಿಯನ್ನು ಒಂದು ಗಳಿಗೆ ನೋಡಿದರು. ಕೈ ಒಂದಿಷ್ಟು ಎತ್ತಿದಂತೆಯೂ ಇತ್ತು. ಅದು ನಿನ್ನ ಹತ್ತಿರವೇ ಇರಲಿ ಎಂದು ಕಾರು ಹತ್ತಿದರು.

ಸ್ಮಾರಕ ತೆರೆಯುವ ದಿನ ನಾನು ರಜೆ ಹಾಕಿ, ಅಪ್ಪನಿಗೆ ಆಫೀಸಿಗೆಂದು ಹೇಳಿ, ವಾಡಿಯಲ್ಲಿ ರೈಲು ಬದಲಿಸಿ, ಚಿತ್ತಾಪುರ ದಾಟಿ ಸೇಡಂಗೆ ಹೋದೆ. ಯಾಕೆ ಹೋದೆನೋ. ಹುಣ್ಣನ್ನು ಮುಟ್ಟಿ ಮುಟ್ಟಿ ನೋಡುವ ಚಟ. ಮುಂಗೋಣೆಯ ಗೋಡೆಯ ತುಂಬ ವಕೀಲ ಸಾಹೇಬರ ಫೋಟೋ, ಅದರಲ್ಲಿ ಬಾಯಿಯ ಎಡ ಮಗ್ಗುಲಿಗೆ ಪೈಪು. ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ನನ್ನಪ್ಪ ಹೊಳಪು ಮಾಡಿದ ಬಟ್ಟಲು, ಯಾರ ಬಾಯಿಯನ್ನೂ ಕಾಣದ ನಳಿ. ಚೀಟಿಯ ಮೇಲೆ ವಕೀಲ ಸಾಹೇಬರ ಹೆಸರು, ಇಸವಿ. ಜಗದೇವಪ್ಪನವರು ಅತಿಥಿಗಳಿಗೆ, ಅಪ್ಪಾರು ಹೇಗೆ ಬಿಟ್ಟು ಹೋದರೋ ಹಾಗೇ ಇಟ್ಟಿದ್ದೇವೆ ಎಂದು ಹೇಳುತ್ತಿದ್ದರು.

ನನ್ನನ್ನು ಕಂಡು ಅವರೇ ಹತ್ತಿರ ಬಂದರು, ಊಟ ಮಾಡಿಕೊಂಡು ಹೋಗವಾ ಎಂದರು. ಸಾವಿರ ಮಾತು ಕಟ್ಟಿಕೊಂಡು ಹೋಗಿದ್ದೆ. ಬಂದದ್ದು ಒಂದೇ.

“ವಕೀಲ ಸಾಹೇಬ್ರ ಹಲ್ಲಿನ ಗುರುತು ನಮ್ಮ ಮನ್ಯಾಗ ಅದರಿ. ನಮ್ಮಪ್ಪ ಜೋಪಾನ ಮಾಡ್ಯಾನ. ಯಾವಾಗ ಬೇಕಾದ್ರೂ ಬಂದು ಒಯ್ರಿ.”

ಅವರ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಯಾರೋ ಹಾರ ಹಾಕಲು ಕರೆದರು. ನಾನು ಊಟ ಮಾಡದೆ ಸ್ಟೇಷನ್ನಿಗೆ ಬಂದೆ. ಅಲ್ಲೇ, ಆ ಮಂದಿಯ ಮುಂದೆಯೇ ಕೂಗಿ ಹೇಳಬೇಕಿತ್ತು ಎಂದು ಈಗಲೂ ಅನಿಸುತ್ತದೆ. ಆಗಲಿಲ್ಲ, ಸುಸ್ತಾಗಿತ್ತು.

ಮನೆಗೆ ಬಂದರೆ ಅಪ್ಪನಿಗೆ ಆಗಲೇ ಗೊತ್ತು, ರೈಲಿನಲ್ಲಿ ಕಂಡವರು ಯಾರೋ ಹೇಳಿದ್ದರು. ಬೆಳಕಿನಲ್ಲಿ ಬಟ್ಟಲಿನ ಹೊಳಪು ಹೇಗೆ ಕಾಣುತ್ತದೆ ಎಂದು ಕೇಳಿದ. ಛಲೋ ಕಾಣುತ್ತದೆ ಎಂದೆ. ಆಮೇಲೆ, ಹೆಸರು ಹಾಕಿಲ್ಲವಲ್ಲ ಎಂದ. ತಾನೇ ಬೇಡ ಎಂದವನು. ಆದರೂ ಅವರು ಕೇಳದೆ ಹಾಕಿಬಿಟ್ಟಿರಬಹುದೇನೋ ಎಂಬ ಆಸೆ ಆ ದನಿಯಲ್ಲಿ ಇತ್ತು. ಅದನ್ನು ಕೇಳಿಸಿಕೊಂಡು ಹೇಗೆ ನಿಂತೆನೋ ದೇವರೇ ಬಲ್ಲ. ಹಾಕಿಲ್ಲ ಎಂದೆ. ಒಳ್ಳೇದಾಯ್ತು ಎಂದು ಗೋಡೆಯ ಕಡೆಗೆ ಹೊರಳಿ ಮಲಗಿದ.

ಯಾರೂ ಹಳೇ ನಳಿಯನ್ನು ಕೇಳಿಕೊಂಡು ಬರಲಿಲ್ಲ. ಹೊರಗೆ ಒಗೆದು ಬರುತ್ತೇನೆ ಎಂದು ನಾನು ಎರಡು ಸಲ ಎದ್ದೆ. ಅಪ್ಪ ಬಿಡಲಿಲ್ಲ. ನಮ್ಮದಲ್ಲ ಅದು, ಇನ್ನೊಬ್ಬರ ಅಪ್ಪನದು, ನಾಳೆ ಬಂದು ಕೇಳಿದರೆ ಏನು ಹೇಳಲಿ ಎಂದ. ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟಿದ್ದಾನೆ. ಆಮೇಲೆ ಹೈದರಾಬಾದಿನಿಂದ ಎರಡು ಪಾರ್ಸಲ್ ಬಂದವು, ಬಿಚ್ಚದೆ ವಾಪಸ್ ಕಳಿಸಲು ಹೇಳಿದ. ಠಸ್ಸೆ ನಾನೇ ಹೊಡೆದೆ. ಬಂದೇನವಾಜ್ ಕಾಕಾ ಆನೆದಂತದ ಕಟ್ಟಿನ ಅಪರೂಪದ ಪೈಪೊಂದನ್ನು ಹಿಡಿದು ಬಂದು ಒಂದು ತಾಸು ಕೂತ. ಅಪ್ಪ ಅದನ್ನು ತಿರುಗಿಸಿ ನೋಡಿ, ಕಣ್ಣು ಕಾಣುವುದಿಲ್ಲ ತಮ್ಮಾ ಎಂದು ಕೊಟ್ಟುಬಿಟ್ಟ. ಲೇಥಿನ ಮೇಲೆ ಈಗ ಅವ್ವ ಹಾಸಿಗೆ ಮಡಿಚಿಡುತ್ತಾಳೆ.

ಈ ಬೇಸಿಗೆಯ ಒಂದು ಮಧ್ಯಾಹ್ನ ನಾನು ಮನೆಯಲ್ಲಿದ್ದೆ. ಅಪ್ಪ ನೀರು ಕೇಳಿದ, ಲೋಟ ತುಂಬಿ ಕೊಟ್ಟೆ. ಕುಡಿಯುತ್ತಿದ್ದವನು ನೆತ್ತಿಗೆ ಹತ್ತಿ ಕೆಮ್ಮತೊಡಗಿದ. ಅಂಗಿಯ ಎದೆಯೆಲ್ಲ ತೊಯ್ದಿತ್ತು. ಬೆನ್ನು ತಟ್ಟಲು ಹೋದೆ. ಆಗ ನೋಡಿದೆ, ಅವನು ಲೋಟವನ್ನು ಎತ್ತಿ ಹಿಡಿದು, ಮೇಲಿನಿಂದ ಬಾಯಿಗೆ ಹೊಯ್ದುಕೊ‌ಳ್ಳುತ್ತಿದ್ದ. ನಡುಗುವ ಕೈಯಲ್ಲಿ ನೀರು ಅತ್ತಿತ್ತ ಚೆಲ್ಲುತ್ತಿತ್ತು. ನಮ್ಮ ಮನೆಯಲ್ಲಿ ಯಾರೂ ಎತ್ತಿ ಕುಡಿಯುವುದಿಲ್ಲ. ಅದು ಅಪ್ಪನದೇ ಕಾನೂನು. ಸಣ್ಣವನಿದ್ದಾಗ ಕಂಡವರ ಅಂಗಳದಲ್ಲಿ ಬಗ್ಗಿ ನಿಂತು, ಬೊಗಸೆಗೆ ಮೇಲಿನಿಂದ ನೀರು ಹೊಯ್ಸಿಕೊಂಡು ಕುಡಿದವನು ಅವನು. ನಮ್ಮ ಮನೆಯ ಲೋಟಕ್ಕೆ ನಾವು ಬಾಯಿ ಹಚ್ಚೇ ಕುಡಿಯಬೇಕು ಎಂದು ನನಗೆ ಹೊಡೆದು ಕಲಿಸಿದವನು.

“ಅಪ್ಪಾ, ಯಾಕ ಎತ್ತಿ ಕುಡ್ಯಾಕತ್ತೀ?” ಎಂದೆ.

ಅವನು ತನ್ನ ಕೈಯಲ್ಲಿದ್ದ ಲೋಟವನ್ನು ನೋಡಿದ. ನಿಜವಾಗಿ ಬೆರಗಾಗಿದ್ದ.

“ಹೌದೇನು?” ಎಂದ. “ಯಾವಾಗಿಂದ?”

ನನಗೆ ಗೊತ್ತಿರಲಿಲ್ಲ. ಒಲೆಯ ಮುಂದಿದ್ದ ಅವ್ವ, ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ನನ್ನವ್ವ, ನಮ್ಮ ಕಡೆ ತಿರುಗದೆ ಹೇಳಿದಳು.

“ಆ ಗೌಡಗ ಹೊಸಾ ನಳಿ ಮಾಡಿಕೊಟ್ಟಾಗಿಂದ. ದಿನಾ ನೋಡಾಕತ್ತೀನಿ. ಹೇಳಾಕ ನನಗ ಬಾಯಿ ಬರ್ಲಿಲ್ಲ.”